ಆರೂವರೆಯ ಬಾಗಿಲು

ಗ್ಯಾರೇಜಿನ ಬಾಗಿಲು ಮೊದಲ ಸಲ ತಾನಾಗಿ ತೆರೆದುಕೊಂಡದ್ದು ನವರಾತ್ರಿಯ ಒಂದು ಸೋಮವಾರ, ಸಂಜೆ ಆರೂವರೆಯ ಸುಮಾರಿಗೆ. ಇದನ್ನು ನೆನಪೊಂದನ್ನೇ ನಂಬಿ ಹೇಳುತ್ತಿಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ಈ ದೇಶದಲ್ಲಿ ಚಳಿಗಾಲಕ್ಕೆಂದು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಿದ್ದರು. ಅದಾದ ಮೇಲೆ ಆರೂವರೆ ಎಂದರೆ ಕತ್ತಲು. ಆ ದಿನವಾದರೋ, ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಒಳಬಾಗಿಲನ್ನು ನಾನು ತೆಗೆದಾಗ ಸಿಮೆಂಟಿನ ನೆಲದ ಮೇಲೆ ಬೀದಿಯ ಇಳಿಬಿಸಿಲು ಉದ್ದಕ್ಕೆ ಬಿದ್ದಿತ್ತು. ಹಾಗಾಗಿ ಅದು ಆ ಭಾನುವಾರಕ್ಕಿಂತ ಹಿಂದಿನದು.

ಎರಡನೆಯ ಸಾಕ್ಷ್ಯ ನನ್ನ ಬೈತಲೆಯಲ್ಲಿತ್ತು. ಹಿಂದಿನ ದಿನ ನಮ್ಮ ಊರಿನ ಎದುರಿನ ಕೊಲ್ಲಿಯ ಆಚೆ ದಡದ ಸನ್ನಿವೇಲಿನಲ್ಲಿ, ಮೈಸೂರಿನ ಕಡೆಯವರೊಬ್ಬರ ಮನೆಯಲ್ಲಿ, ಗೊಂಬೆ ಕೂರಿಸಿ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಬಟ್ಟಲು ಹಿಡಿದು ಒಬ್ಬೊಬ್ಬರಿಗೇ ಕುಂಕುಮ ಕೊಡುತ್ತಾ ಬಂದ ಆ ಮನೆಯ ಹಿರಿಯಾಕೆ ನನ್ನೆದುರು ಬಂದಾಗ ಕೈ ತಡೆದರು. ನನ್ನ ವಿಚ್ಛೇದನ ವಸಂತದಲ್ಲೇ ಮುಗಿದಿತ್ತು. ಕೊಲ್ಲಿಯ ಎರಡೂ ದಡದ ಕನ್ನಡಿಗರಿಗೆ ಅದು ತಿಳಿದ ವಿಷಯವಾಗಿತ್ತು. ಗಂಡ ತೀರಿಕೊಂಡವಳಲ್ಲ, ಗಂಡನ ಜೊತೆಗಿರುವವಳೂ ಅಲ್ಲ. ಇಂಥವಳಿಗೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಅಲ್ಲಮ್ಮಾ, ಅವ್ರು ಹೇಗಿದಾರೆ? ಆರೋಗ್ಯವಾಗಿದಾರೆ ತಾನೆ?”

“ಇದಾರೆ ಆಂಟಿ. ರೆಡ್‌ವುಡ್ ಸಿಟೀಲಿ ಅಪಾರ್ಟ್‌ಮೆಂಟ್ ಮಾಡ್ಕೊಂಡಿದಾರೆ.”

“ಮತ್ತಿನ್ನೇನು ಯೋಚ್ನೆ! ಇಟ್ಕೋ ಇಟ್ಕೋ. ಈ ಕೋರ್ಟಿನೋರಿಗೇನು ಗೊತ್ತಾಗತ್ತೆ ಇದೆಲ್ಲಾ.”

ಸುತ್ತ ಕುಳಿತ ಹೆಂಗಸರು ನಕ್ಕರು. ನಾನೂ ನಕ್ಕೆ. ಅವರು ಕೊಟ್ಟ ಕುಂಕುಮ ಧಾರಾಳವಾಗಿತ್ತು. ಮಾರನೆಯ ಸಂಜೆ ಗ್ಯಾರೇಜಿನ ಗೋಡೆಗೆ ತಗುಲಿಹಾಕಿದ್ದ ಹಳೆಯ ಕನ್ನಡಿಯಲ್ಲಿ ನನ್ನ ಮುಖ ಕಂಡಾಗ ಬೈತಲೆಯಲ್ಲಿ ಅದರ ಕೆಂಪು ಇನ್ನೂ ಉಳಿದಿತ್ತು. ಬಿಸಿಲು ಮತ್ತು ಕುಂಕುಮ ಎರಡೂ ಒಂದೇ ವಾರವನ್ನು ತೋರಿಸುತ್ತವೆ. ವರ್ಷ ಎಂಬತ್ತರ ದಶಕದ ನಡುಭಾಗದ್ದು. ಯಾವುದೆಂದು ಖಚಿತವಾಗಿ ಬಲ್ಲೆ. ಆದರೂ ಬರೆಯುವುದಿಲ್ಲ, ಏಕೆಂದರೆ ಇದರಲ್ಲಿ ಬರುವ ಇನ್ನೊಬ್ಬರು ಈಗಲೂ ಇದೇ ಸೀಮೆಯಲ್ಲಿದ್ದಾರೆ, ಮತ್ತು ಇದನ್ನು ಬರೆಯುವಾಗ ನಾನು ಅವರನ್ನು ಕೇಳಿಲ್ಲ.

ಆ ಬಾಗಿಲ ಸದ್ದಿಗೆ ನಮ್ಮ ಮನೆಯಲ್ಲಿ ಒಂದು ಅರ್ಥವಿತ್ತು. ಮದುವೆಯಾಗಿ ಫ್ರೀಮಾಂಟಿನ ಆ ಮನೆಗೆ ಬಂದಾಗಿನಿಂದ ಸಾರಿಗೆ ಒಗ್ಗರಣೆ ಬೀಳುತ್ತಿದ್ದದ್ದು ಗ್ಯಾರೇಜಿನ ಬಾಗಿಲ ಸದ್ದು ಕೇಳಿದ ಮೇಲೆಯೇ. ಒಗ್ಗರಣೆ ಹಾಕಿ ಹೊತ್ತು ಕಳೆದ ಸಾರನ್ನು ನನ್ನ ಗಂಡ ಉಣ್ಣುತ್ತಿರಲಿಲ್ಲ. ಒಂದು ದಿನವೂ ಅದಕ್ಕಾಗಿ ಬೈದವರಲ್ಲ. ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದುಬಿಡುತ್ತಿದ್ದರು. ಆದ್ದರಿಂದ ತುಪ್ಪ, ಸಾಸಿವೆ, ಇಂಗು ಹಾಕಿದ ಕಬ್ಬಿಣದ ಸೌಟು ಒಲೆಯ ಮೇಲೆ ಸಿದ್ಧವಾಗಿರುತ್ತಿತ್ತು. ಬಾಗಿಲು ಒಮ್ಮೆ ನಡುಗಿ, ಸರಪಳಿ ಎಳೆದ ಸದ್ದಿನೊಡನೆ ಮೇಲೇಳುವಾಗ ನಾನು ಉರಿ ಹಚ್ಚುತ್ತಿದ್ದೆ. ಕಾರಿನ ಎಂಜಿನ್ ನಿಲ್ಲುವ ಹೊತ್ತಿಗೆ ಸಾಸಿವೆ ಸಿಡಿದಿರುತ್ತಿತ್ತು. ಅವರು ಬೂಟು ಬಿಚ್ಚುವ ಹೊತ್ತಿಗೆ ಸಾರು ಚುಂಯ್ ಎಂದಿರುತ್ತಿತ್ತು. ವಾರದ ದಿನಗಳಲ್ಲಿ ನಾವಿಬ್ಬರೂ ಹೆಚ್ಚು ಮಾತಾಡುತ್ತಿದ್ದವರಲ್ಲ. ಆ ಸದ್ದು, ಈ ಸದ್ದು, ಬಹುಮಟ್ಟಿಗೆ ಅದೇ ನಮ್ಮ ಸಂಭಾಷಣೆ.

ಅವರು ಹೋದ ಮೇಲೆ ಮನೆ ನನ್ನ ಪಾಲಿಗೆ ಉಳಿಯಿತು. ಪೀಠೋಪಕರಣ, ಪಾತ್ರೆ, ಪುಸ್ತಕ ಎಲ್ಲವನ್ನೂ ವಕೀಲರು ಹಂಚಿದರು. ಗ್ಯಾರೇಜಿನ ರಿಮೋಟು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಇದ್ದದ್ದೇ ಒಂದು, ಅವರ ಕಾರಿನ ಬಿಸಿಲುಮರೆಗೆ ಸಿಕ್ಕಿಸಿದ್ದು. ಗ್ಯಾರೇಜು ಅವರ ಕಾರಿನದು, ನನ್ನ ಚಿಕ್ಕ ಕಾರು ಬೀದಿಯಲ್ಲಿ ನಿಲ್ಲುವಂಥದ್ದು. ಹಾಗಾಗಿ ಎರಡನೆಯ ರಿಮೋಟು ನಮಗೆ ಎಂದೂ ಬೇಕಾಗಿರಲಿಲ್ಲ. ಅವರು ಹೋದ ಮೇಲೂ ನನ್ನ ಕಾರು ಬೀದಿಯಲ್ಲೇ ನಿಂತಿತು. ಗ್ಯಾರೇಜಿನ ನಡುವೆ ಎಣ್ಣೆಯ ಕಲೆ, ಗೋಡೆಯ ಪಕ್ಕ ಅವರು ಒಯ್ಯಲು ಮರೆತ ಕಬ್ಬಿಣದ ಟೂಲ್‌ಬಾಕ್ಸು, ಅಷ್ಟೇ ಉಳಿದದ್ದು. ಸಂಜೆ ನಾನು ಸೌಟಿಗೆ ತುಪ್ಪ ಹಾಕಿಕೊಂಡು ನಿಲ್ಲುತ್ತಿದ್ದೆ. ಸದ್ದು ಬರುತ್ತಿರಲಿಲ್ಲ. ಸೌಟನ್ನು ಹಾಗೇ ಬದಿಗಿಟ್ಟು ಒಗ್ಗರಣೆಯಿಲ್ಲದ ಸಾರನ್ನೇ ಉಣ್ಣುತ್ತಿದ್ದೆ. ಬೇಸಿಗೆಯೆಲ್ಲ ಹಾಗೆಯೇ ಹೋಯಿತು.

ಆ ಸೋಮವಾರ ಸದ್ದು ಬಂತು. ನನ್ನ ಕೈ ನನ್ನನ್ನು ಕೇಳಲಿಲ್ಲ, ಉರಿ ಹಚ್ಚಿತು. ಸಾಸಿವೆ ಸಿಡಿದ ಮೇಲೆ ನನಗೆ ಎಚ್ಚರವಾಯಿತು. ಒಳಬಾಗಿಲನ್ನು ತೆಗೆದೆ. ದೊಡ್ಡ ಬಾಗಿಲು ಪೂರ್ತಿ ಮೇಲೆದ್ದಿತ್ತು, ಮೇಲಿನ ಯಂತ್ರದ ಬಲ್ಬು ಉರಿಯುತ್ತಿತ್ತು, ಬೀದಿ ಖಾಲಿ. ನಾನು ನೋಡುತ್ತಿದ್ದಂತೆಯೇ ಬಾಗಿಲು ಮತ್ತೆ ನಡುಗಿ ಇಳಿಯತೊಡಗಿತು. ನೆಲದ ಮೇಲಿನ ಬಿಸಿಲು ಕಿರಿದಾಗುತ್ತಾ ಒಂದು ಗೆರೆಯಾಗಿ, ಇಲ್ಲವಾಯಿತು. ಸ್ವಲ್ಪ ಹೊತ್ತಿಗೆ ಬಲ್ಬೂ ತಾನೇ ಆರಿತು. ಯಾರೋ ಬಂದು, ಬಾಗಿಲು ಹಾಕಿಕೊಂಡು, ಕತ್ತಲಲ್ಲಿ ನನ್ನ ಜೊತೆ ನಿಂತಂತಿತ್ತು.

ಮಂಗಳವಾರವೂ ಬಂತು, ಬುಧವಾರವೂ. ಶನಿವಾರ, ಭಾನುವಾರ ಬರಲಿಲ್ಲ. ಸೋಮವಾರ ಮತ್ತೆ ಬಂತು. ಆಫೀಸಿರುವ ದಿನ ಬರುವುದು, ಇಲ್ಲದ ದಿನ ಬಾರದಿರುವುದು: ಈ ಕ್ರಮ ಯಾರದೆಂದು ನನಗೆ ಸಂಶಯವಿರಲಿಲ್ಲ. ರಿಮೋಟು ಇದ್ದದ್ದು ಅವರೊಬ್ಬರ ಬಳಿ. ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಒತ್ತುತ್ತಾರೆ, ಬಾಗಿಲು ಏಳುವುದನ್ನು ನೋಡುತ್ತಾರೆ, ಒಳಗೆ ಬರಲು ಧೈರ್ಯ ಸಾಲದೆ ಮುಚ್ಚಿ ಹೋಗುತ್ತಾರೆ ಎಂದು ನಿಶ್ಚಯಿಸಿಕೊಂಡೆ. ಮೊದಲ ದಿನಗಳಲ್ಲಿ ಹೆದರಿದ್ದು ನಿಜ. ಆಮೇಲೆ ಹೆದರಿಕೆ ಬೇರೆಯದಾಯಿತು. ಆರೂವರೆಗೆ ನಾನು ಮನೆಯಲ್ಲಿ ಇರದೆ ಹೋದರೆ ಎಂಬ ಹೆದರಿಕೆ. ಕೆಲಸದಿಂದ ಅವಸರವಾಗಿ ಹೊರಡತೊಡಗಿದೆ. ಇಬ್ಬರಿಗಾಗುವಷ್ಟು ಅನ್ನಕ್ಕಿಡತೊಡಗಿದೆ. ಸದ್ದು ಬಂದಾಗ ಒಗ್ಗರಣೆ ಹಾಕುತ್ತಿದ್ದೆ. ಒಳಬಾಗಿಲನ್ನು ಮಾತ್ರ ತೆಗೆಯುತ್ತಿರಲಿಲ್ಲ. ಬಾಗಿಲು ಇಳಿದ ಮೇಲೆ ಒಬ್ಬಳೇ ಕುಳಿತು, ತಿಂಗಳುಗಳ ಮೇಲೆ ಮೊದಲ ಬಾರಿಗೆ, ರುಚಿಯಾಗಿ ಉಣ್ಣುತ್ತಿದ್ದೆ.

ಅದೇ ಹೊತ್ತಿಗೆ ಕೆಲಸದಲ್ಲಿ ಒಂದು ನಿರ್ಧಾರ ನನ್ನನ್ನು ಕಾಯುತ್ತಿತ್ತು. ಕೊಲ್ಲಿಯ ತಳದಿಂದ ಮತ್ತು ನದೀಮುಖದಿಂದ ಕೊಳವೆಯಲ್ಲಿ ಎತ್ತಿದ ಕೆಸರಿನಲ್ಲಿ ಹಳೆಯ ಪರಾಗಕಣಗಳನ್ನು ಹುಡುಕಿ, ಕೆಸರಿನ ಪದರಗಳಿಗೆ ಕಾಲ ಗೊತ್ತುಮಾಡುವ ಸಂಶೋಧನಾಲಯ ನಮ್ಮದು. ನಾನು ಅಲ್ಲಿ ತಾತ್ಕಾಲಿಕ ಸಹಾಯಕಿ. ಇತರರು ತಂದ ಕೆಸರನ್ನು ತೊಳೆದು ಗಾಜಿನ ಮೇಲೆ ಹಚ್ಚಿಕೊಡುವವಳು. ನಮ್ಮ ಮುಖ್ಯಸ್ಥೆ ಬಿಳಿಯ ಹೆಂಗಸು, ಕಡಿಮೆ ಮಾತಿನವಳು. ನವೆಂಬರಿನ ಆರಂಭದಲ್ಲಿ ಕರೆದು ಹೇಳಿದಳು: ಡಿಸೆಂಬರಿನಲ್ಲಿ ಡೆಲ್ಟಾ ಪ್ರದೇಶದಲ್ಲಿ ಎರಡು ವಾರ ಕೆಸರು ತೆಗೆಯುವ ಕೆಲಸವಿದೆ, ತಂಡದಲ್ಲಿ ಒಂದು ಜಾಗವಿದೆ, ಅಲ್ಲಿಯೇ ಉಳಿಯಬೇಕು, ಹೊರಗಿನ ಕೆಲಸ ಕಲಿತವರನ್ನು ಮಾತ್ರ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲು ತನಗೆ ಸಾಧ್ಯ, ಅದೇ ತಿಂಗಳ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಉತ್ತರ ಬೇಕು. ನಾನು ಒಲ್ಲೆನೆಂದರೆ ವರ್ಷದ ಕೊನೆಗೆ ಕೆಲಸ ಮುಗಿಯುತ್ತಿತ್ತು. ಆಮೇಲೆ ಉಳಿಯುತ್ತಿದ್ದ ದಾರಿ ಮೈಸೂರಿನಲ್ಲಿದ್ದ ಅಣ್ಣನ ಮನೆಯದು. “ಮಹಡಿ ಮೇಲಿನ ರೂಮು ಖಾಲಿ ಇದೆ, ಬಂದ್ಬಿಡು,” ಎಂದು ಅವನು ಫೋನಿನಲ್ಲಿ ಪ್ರತಿ ಸಲ ಹೇಳುತ್ತಿದ್ದ, ಪ್ರೀತಿಯಿಂದಲೇ.

ಆ ಕೆಲಸವನ್ನು ನಾನು ಎಷ್ಟು ಬಯಸಿದ್ದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಯೋಚಿಸಿ ಹೇಳುತ್ತೇನೆ ಎಂದೆ. ಎರಡು ವಾರದ ಸಂಜೆಗಳು ನನ್ನ ಕಣ್ಣಮುಂದಿದ್ದವು. ಬಾಗಿಲು ಏಳುತ್ತದೆ, ಒಳಗೆ ಯಾವ ವಾಸನೆಯೂ ಇಲ್ಲ, ಬಾಗಿಲು ಇಳಿಯುತ್ತದೆ. ಅದಾದ ಮೇಲೆ ಅವರು ಬಾರದಿದ್ದರೆ?

ದೀಪಾವಳಿಯ ವಾರ ಸದ್ದು ನಿಂತಿತು. ಸೋಮವಾರ ಬರಲಿಲ್ಲ. ನಾನು ಕಿಟಕಿಯ ಬಳಿ ಹೋಗಿ ನಿಂತೆ, ಬೀದಿ ನೋಡಿದೆ, ಮತ್ತೆ ಒಲೆಯ ಬಳಿಗೆ ಬಂದೆ. ಮಂಗಳವಾರ ಅಮಾವಾಸ್ಯೆ. ಇಲ್ಲಿಯ ಹೊತ್ತಿಗೂ ಊರಿನ ಹೊತ್ತಿಗೂ ಇರುವ ಅಂತರದಿಂದಾಗಿ ಆ ವರ್ಷವೂ ಹಬ್ಬ ಯಾವ ದಿನವೆಂದು ನಮ್ಮವರಲ್ಲಿ ಎರಡು ಮತವಿತ್ತು. ನಾನು ಮೈಸೂರಿನ ಪಂಚಾಂಗದಂತೆ ಮಂಗಳವಾರ ಆಚರಿಸಿದೆ. ಮೆಟ್ಟಿಲ ಮೇಲೆ ದೀಪ ಹಚ್ಚಿಟ್ಟೆ. ಸ್ವಲ್ಪ ಹೊತ್ತಿಗೆ ಆ ಋತುವಿನ ಮೊದಲ ಮಳೆ ಬಂತು, ದೀಪಗಳನ್ನು ಕಿಟಕಿಯ ಒಳಗಿನ ಅಂಚಿಗೆ ಎತ್ತಿಟ್ಟೆ. ಏಳೂವರೆ ದಾಟಿತ್ತು. ಆಗ ಬಾಗಿಲು ಎದ್ದಿತು.

ಉರಿ ಹಚ್ಚಿದೆ. ಕಾದೆ. ಅಂದು ಬಾಗಿಲು ಇಳಿಯಲಿಲ್ಲ. ನಾನು ಒಳಬಾಗಿಲ ಬಳಿ ಹೋಗಿ ಚಿಲಕದ ಮೇಲೆ ಕೈಯಿಟ್ಟು ನಿಂತೆ. ಛಾವಣಿಯ ಮೇಲೆ ಮಳೆ ಜೋರಾಗಿತ್ತು. ಅದರೊಳಗೆ ಎಂಜಿನ್ ಇತ್ತೋ ಇಲ್ಲವೋ ತಿಳಿಯುವಂತಿರಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಬಲ್ಬಿನ ಬೆಳಕೂ ಒದ್ದೆ ಮಣ್ಣಿನ ತಂಪೂ ಒಳಬರುತ್ತಿದ್ದವು. ಚಿಲಕ ತೆಗೆದರೆ ಎರಡರಲ್ಲಿ ಒಂದಾಗಬೇಕಿತ್ತು: ಅವರು ಅಲ್ಲಿರಬೇಕು, ಇಲ್ಲವೇ ಇರಬಾರದು. ಎರಡಕ್ಕೂ ನಾನು ಸಿದ್ಧಳಿರಲಿಲ್ಲ. ನನ್ನ ಬೆನ್ನ ಹಿಂದೆ ಸೌಟಿನಲ್ಲಿ ಸಾಸಿವೆ ಸೀದು ಹೊಗೆಯೆದ್ದಿತು. ಕೊನೆಗೆ ಸರಪಳಿ ಎಳೆದ ಸದ್ದಾಯಿತು, ಬಾಗಿಲು ಇಳಿಯಿತು. ಬೆಳಕು ಆರುವವರೆಗೂ ನಾನು ಕೈ ತೆಗೆಯಲಿಲ್ಲ.

ಉಳಿದ ಮೂರು ದಿನ ಏನೂ ಇಲ್ಲ. ಮುಂದಿನ ಸೋಮವಾರ, ಎಂದಿನಂತೆ ಆರೂವರೆಗೆ, ಮತ್ತೆ ಶುರುವಾಯಿತು.

ನನಗೊಬ್ಬಳು ಗೆಳತಿಯಿದ್ದಳು. ಉಡುಪಿಯವಳು, ಹೇವರ್ಡಿನ ಆಸ್ಪತ್ರೆಯೊಂದರಲ್ಲಿ ನರ್ಸು. ಆ ಕಾಲದಲ್ಲಿ ಇಲ್ಲಿ ಕರಿಬೇವು ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಅವಳು ಕುಂಡದಲ್ಲಿ ಬೆಳೆಸಿ ನಮಗೆಲ್ಲ ಹಂಚುತ್ತಿದ್ದಳು. ಆ ವಾರದ ಬುಧವಾರ ಡ್ಯೂಟಿ ಮುಗಿಸಿ, ಕರಿಬೇವಿನ ಪೊಟ್ಟಣ ಹಿಡಿದು, ಹೇಳದೆ ಕೇಳದೆ ಬಂದಳು. ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿದಳು.

“ಇಷ್ಟು ಅನ್ನ ಎಂತಕ್ಕೆ ಮಾರಾಯ್ತಿ? ನಾನು ಬರ್ತೇನೆ ಅಂತ ಕನಸು ಬಿದ್ದಿತ್ತಾ?”

ಅವಳಿಗೆ ಸುಳ್ಳು ಹೇಳುವುದು ಕಷ್ಟ. ಎಲ್ಲವನ್ನೂ ಹೇಳಿದೆ, ಸೌಟಿನ ಸಂಗತಿಯನ್ನೂ ಸೇರಿಸಿ. ಅವಳು ಕರಿಬೇವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

“ನಿಂಗೆ ಮರ್ಲಾ, ತಲೆ ಸರಿ ಉಂಟಾ? ಗಂಡ ಬಿಟ್ಟು ಹೋದ, ಅವನ ಸದ್ದಿಗೆ ನೀನು ಒಗ್ಗರಣೆ ಕೊಡ್ತಾ ಇದ್ದಿ! ನಮ್ಮೂರಲ್ಲಿ ಭೂತಕ್ಕೆ ವರ್ಷಕ್ಕೊಂದು ಕೋಲ ಕೊಟ್ರೆ ಸಾಕು. ನಿನ್ನದು ದಿನಾ ಸೇವೆ!”

“ತಮಾಷೆ ಮಾಡ್ಬೇಡ ಕಣೇ.”

“ತಮಾಷೆ ಅಲ್ಲ. ಡೆಲ್ಟಾದ್ದು ಎಂತ ಆಯ್ತು? ಹೋಗ್ತಿ ಅಲ್ವಾ?”

ನಾನು ಸೌಟಿಗೆ ತುಪ್ಪ ಹಾಕಿದೆ.

“ಓ ದೇವ್ರೇ. ಇದಕ್ಕೋಸ್ಕರ ಅದು ಬಿಡ್ಲಿಕ್ಕುಂಟಾ? ಇವತ್ತು ಅವ ಬರ್ಲಿ. ಗ್ಯಾರೇಜಲ್ಲೇ ಕೂತ್ಕೊಳ್ತೇನೆ. ಬಂದ್ರೆ ಊಟ ಹಾಕುವ, ಅದಕ್ಕೆಂತ.”

ಅವಳು ಅಡುಗೆಮನೆಯ ಸ್ಟೂಲನ್ನು ಎತ್ತಿಕೊಂಡು ಹೋಗಿ, ಎಣ್ಣೆಯ ಕಲೆಯ ಮೇಲೆ ಇಟ್ಟು, ಬೀದಿಗೆ ಎದುರಾಗಿ ಕುಳಿತಳು. ಒಳಬಾಗಿಲು ತೆರೆದೇ ಇತ್ತು. ನಾನು ಒಲೆಯ ಬಳಿ ನಿಂತೆ. ಬಾಗಿಲು ನಡುಗಿ ಏಳಲು ತೊಡಗಿದ್ದೇ ತಡ, ಅವಳು ಬಗ್ಗಿ ಅದರ ಕೆಳಗಿನಿಂದಲೇ ಹೊರಗೆ ಓಡಿದಳು. ಬಿಳಿ ಯೂನಿಫಾರ್ಮಿನಲ್ಲಿ, ಚಪ್ಪಲಿ ಬಿಟ್ಟು, ಕತ್ತಲೆಯ ಬೀದಿಯಲ್ಲಿ. ಮರುಕ್ಷಣ ತಿರುವಿನಿಂದ ಅವಳ ಕೂಗು ಕೇಳಿತು.

“ಬಾ ಇಲ್ಲಿ! ಬೇಗ ಬಾ! ನಿನ್ನ ಭೂತಕ್ಕೆ ಗಡ್ಡ ಉಂಟು!”

ಬೀದಿ ಬಾಗುವಲ್ಲಿ, ನಮ್ಮಿಂದ ಎರಡು ಮನೆ ಆಚೆ, ಬಿಳಿ ಗಡ್ಡದ ವೃದ್ಧನೊಬ್ಬ ತನ್ನ ಕಾರನ್ನು ಗ್ಯಾರೇಜಿನೊಳಗೆ ಬಿಡುತ್ತಿದ್ದ. ಪೀಠೋಪಕರಣ ತಯಾರಿಸುವ ಕೆಲಸಗಾರ, ಕೈಬೀಸುವಷ್ಟು ಪರಿಚಯ. ಅವನ ಬಾಗಿಲೂ ನನ್ನ ಬಾಗಿಲೂ ಒಟ್ಟಿಗೆ ತೆರೆದಿದ್ದವು. ಅವನು ಒಳಗೆ ಹೋಗಿ ಮತ್ತೆ ಒತ್ತಿದಾಗ ಎರಡೂ ಒಟ್ಟಿಗೆ ಇಳಿದವು. ಗೆಳತಿ ಬೀದಿಯ ನಡುವೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಯಾರೋ ಸತ್ತ ಸುದ್ದಿ ಕೇಳಿದಂತಾಯಿತು.

ವೃದ್ಧ ಸಂಕೋಚದಿಂದ ಬಂದು ವಿವರಿಸಿದ. ಅಕ್ಟೋಬರಿನ ನಡುಭಾಗದ ಒಂದು ವಾರಾಂತ್ಯದಲ್ಲಿ ಅವನು ಹೊಸ ಯಂತ್ರ ಹಾಕಿಸಿದ್ದ. ಈ ಯಂತ್ರಗಳ ಒಳಗೂ ರಿಮೋಟುಗಳ ಒಳಗೂ ಸಣ್ಣ ಸ್ವಿಚ್ಚುಗಳ ಒಂದು ಸಾಲು ಇರುತ್ತದೆ. ಎರಡರ ಸಾಲೂ ಹೊಂದಿದರೆ ಬಾಗಿಲು ತೆರೆಯುತ್ತದೆ. ಬರುವಾಗ ಹೇಗಿರುತ್ತವೋ ಹಾಗೆಯೇ ಬಿಡುವುದು ಎಲ್ಲರ ರೂಢಿ. ಅವನದನ್ನೂ ಯಾರೂ ಬದಲಾಯಿಸಿರಲಿಲ್ಲ, ನಮ್ಮದನ್ನೂ. ವಾರಾಂತ್ಯದಲ್ಲಿ ಅವನು ಬಾಗಿಲನ್ನು ಒಳಗಿನ ಗೋಡೆಯ ಬಟನ್ನಿನಿಂದಲೇ ತೆರೆದು ಕಾರನ್ನು ಹೊರಗೇ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಅವನು ಹೊರಡುವಾಗಲೂ ನನ್ನ ಬಾಗಿಲು ತೆರೆದಿರಬೇಕು. ಆ ಹೊತ್ತಿಗೆ ನಾನು ಕೆಲಸಕ್ಕೆ ಹೋಗಿರುತ್ತಿದ್ದೆ. ಎಲ್ಲವೂ ಸರಿಹೊಂದಿತು.

ಸರಿಹೊಂದಿದ ಮೇಲೂ ಇನ್ನೊಮ್ಮೆ ನೋಡುವುದು ಕೆಲಸದಿಂದ ಬಂದ ಅಭ್ಯಾಸ. ಕಳೆದ ವಾರ ಸದ್ದು ಬರಲಿಲ್ಲವಲ್ಲ ಎಂದೆ.

ಅವನ ಮುಖ ಅರಳಿತು. ಕಳೆದ ವಾರ ತಾನು ಇರಲೇ ಇಲ್ಲ, ಮಗಳು ಗಿಲ್‌ರಾಯಿನಲ್ಲಿದ್ದಾಳೆ, ಅವಳ ಹೆರಿಗೆಗೆ ಹೋಗಿದ್ದೆ, ಭಾನುವಾರ ಹೋದವನು ಮುಂದಿನ ಭಾನುವಾರ ಬಂದೆ ಎಂದ.

ನಡುವೆ ಒಂದು ಸಂಜೆ ಬಂದಿದ್ದಿರಾ, ಬಟ್ಟೆಗೋ ಮತ್ತೊಂದಕ್ಕೋ?

ಇಲ್ಲ. ಯಾವ ಸಂಜೆ?

ಮಂಗಳವಾರ.

ಮಂಗಳವಾರವೇ ಮೊಮ್ಮಗಳು ಹುಟ್ಟಿದ್ದು, ಸಂಜೆಯ ಊಟದ ಹೊತ್ತಿಗೆ. ಜೋರು ಮಳೆ. ಅವನು ಆಸ್ಪತ್ರೆಯಲ್ಲಿದ್ದ, ಕಾರು ಆಸ್ಪತ್ರೆಯ ಮುಂದಿತ್ತು, ರಿಮೋಟು ಕಾರಿನಲ್ಲಿತ್ತು.

ನಾನು ಅಭಿನಂದನೆ ಹೇಳಿದೆ. ಈ ಮಾತಿನಲ್ಲಿ ಏನಿತ್ತೆಂದು ಗೆಳತಿ ಗಮನಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಮಗುವಿನ ಹುಟ್ಟುಹಬ್ಬಕ್ಕೆ ವೃದ್ಧ ನನಗೊಂದು ತುಂಡು ಕೇಕು ತಂದುಕೊಡುತ್ತಿದ್ದ. ಆ ತಾರೀಖನ್ನು ಆ ವರ್ಷದ ಮೈಸೂರಿನ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದ್ದೇನೆ. ಎರಡೂ ಒಂದೇ ದಿನ. ಇಲ್ಲಿಯ ಲೆಕ್ಕದ ಪ್ರಕಾರ ಹಬ್ಬ ಒಂದು ದಿನ ಹಿಂದಕ್ಕೆ ಹೋದರೂ ವ್ಯತ್ಯಾಸವಾಗದು, ಅವನು ವಾರವಿಡೀ ಇಲ್ಲಿರಲಿಲ್ಲ. ಉಳಿದ ಸಂಜೆಗಳೆಲ್ಲ ಅವನವು. ಒಂದು ಸಂಜೆ ಅವನದಲ್ಲ.

“ನೀವು ಚಿಂತೆ ಮಾಡಬೇಡಿ, ಶನಿವಾರ ನನ್ನದರ ಸ್ವಿಚ್ಚು ಬದಲಾಯಿಸಿಬಿಡುತ್ತೇನೆ,” ಎಂದು ಅವನು ಹೊರಡಲು ತಿರುಗಿದ.

“ಅಷ್ಟೇ, ಮುಗೀತು ಕತೆ,” ಎಂದಳು ಗೆಳತಿ.

ಮುಗಿಯುತ್ತಿರಲಿಲ್ಲ. ಅವನು ತನ್ನದನ್ನು ಬದಲಾಯಿಸಿದರೆ, ಆ ಮೇಲೆ ನನ್ನ ಬಾಗಿಲನ್ನು ಹೊರಗಿನಿಂದ ತೆರೆಯಬಲ್ಲವರು ಒಬ್ಬರೇ ಉಳಿಯುತ್ತಿದ್ದರು. ಇದುವರೆಗಿನ ಕಾಯುವಿಕೆಯಲ್ಲಿ ಬೇರೆಯವನ ಸದ್ದೆಂಬ ತಪ್ಪಾದರೂ ಬೆರೆತಿತ್ತು. ಇನ್ನು ಮುಂದೆ ಅದೂ ಇರುತ್ತಿರಲಿಲ್ಲ. ಆ ಒಂದು ಮಂಗಳವಾರವನ್ನು ಹಿಡಿದುಕೊಂಡು, ಪ್ರತಿ ಮಳೆಗೂ ಪ್ರತಿ ಹಬ್ಬಕ್ಕೂ ಒಲೆಯ ಮುಂದೆ ನಿಲ್ಲುತ್ತಾ, ನಾನು ಆ ಮನೆಯಲ್ಲಿಯೋ ಅಣ್ಣನ ಮಹಡಿಯ ಮೇಲೋ ಮುದುಕಿಯಾಗಬಹುದಿತ್ತು. ಅದು ಅಂದು, ಆ ಬೀದಿಯ ನಡುವೆ ನಿಂತಾಗ, ಬಹಳ ಸ್ಪಷ್ಟವಾಗಿ ಕಂಡಿತು.

“ನಿಮ್ಮದನ್ನು ಹಾಗೇ ಬಿಡಿ,” ಎಂದು ವೃದ್ಧನನ್ನು ಕೂಗಿ ಹೇಳಿದೆ. “ನನ್ನದನ್ನು ನಾನು ಬದಲಾಯಿಸುತ್ತೇನೆ. ಹೇಗೆಂದು ತೋರಿಸಿ.”

ಅವನು ತನ್ನ ಗ್ಯಾರೇಜಿನಲ್ಲಿ ಮುಚ್ಚಳ ಬಿಚ್ಚಿ ತೋರಿಸಿದ. ಶನಿವಾರ ಬೆಳಿಗ್ಗೆ ನಾನು ಅವನ ಏಣಿಯನ್ನು ಎರವಲು ತಂದು ಹತ್ತಿದೆ. ಯಂತ್ರದ ಮೇಲೆ ದಪ್ಪ ಧೂಳಿತ್ತು. ಸ್ವಿಚ್ಚುಗಳು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು, ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದವು. ಪ್ರಯೋಗಾಲಯದಿಂದ ತಂದಿದ್ದ ಸೂಜಿಯಿಂದ ನನಗೆ ತೋಚಿದ ಕೆಲವನ್ನು ಆಚೆ ಸರಿಸಿದೆ. ಅದಕ್ಕೆ ಹೊಂದುವ ರಿಮೋಟು ಯಾರ ಬಳಿಯೂ ಇರಲಿಲ್ಲ, ನನ್ನ ಬಳಿಯೂ. ಒಳಗಿನ ಗೋಡೆಯ ಬಟನ್ನೊಂದೇ ಇನ್ನು ಆ ಬಾಗಿಲಿಗೆ ದಾರಿ. ವಕೀಲರ ಕಚೇರಿಯಲ್ಲಿ ಸಹಿ ಹಾಕಿದ ದಿನ ಅಳು ಬಂದಿರಲಿಲ್ಲ. ಏಣಿಯ ಮೇಲೆ ಬಂತು. ಬೀಳಬಾರದೆಂದು ಯಂತ್ರವನ್ನೇ ಹಿಡಿದುಕೊಂಡು ಅತ್ತು, ಇಳಿದೆ. ಸೋಮವಾರ ಮುಖ್ಯಸ್ಥೆಗೆ ಬರುತ್ತೇನೆಂದು ಹೇಳಿದೆ. “ಒಳ್ಳೆಯ ಬೂಟು ಕೊಂಡುಕೋ,” ಎಂದಳು, ಅಷ್ಟೇ.

ಆ ವಾರ ಆರೂವರೆಗೆ ಮನೆ ಮೌನವಾಗಿತ್ತು. ಆ ಮೌನಕ್ಕೂ ಒಂದು ತೂಕವಿತ್ತು. ಅದನ್ನು ಹೊತ್ತುಕೊಂಡೇ ಉಂಡೆ.

ಹೊರಡುವ ದಿನಕ್ಕೆ ಮೊದಲಿನ ಗುರುವಾರ, ಅಡುಗೆಮನೆಯ ನೆಲದ ಮೇಲೆ ಕುಳಿತು ಹೊಸ ಬೂಟಿಗೆ ಎಣ್ಣೆ ಹಚ್ಚುತ್ತಿದ್ದಾಗ, ಹೊರಗೆ ಒಂದು ಕಾರು ಬಂದು ನಿಂತಿತು. ಎಂಜಿನ್ ಆರಲಿಲ್ಲ. ಅದರಲ್ಲಿ ನಡುನಡುವೆ ಒಂದು ಬಿಕ್ಕಿನಂಥ ಸದ್ದು. ಆ ಬಿಕ್ಕನ್ನು ವರ್ಷಗಟ್ಟಲೆ ಕೇಳಿದ್ದೆ. ಹಿಂಭಾಗದ ಕೆಂಪು ದೀಪ ಪರದೆಯ ಮೇಲೆ ಬಿದ್ದಿತ್ತು. ಬಾಗಿಲು ಅಲುಗಲಿಲ್ಲ. ಮತ್ತೂ ಸ್ವಲ್ಪ ಹೊತ್ತು ಕಾರು ಅಲ್ಲೇ ಇತ್ತು. ಆಮೇಲೆ ಹೋಯಿತು. ಸೇತುವೆ ದಾಟಿ ರೆಡ್‌ವುಡ್ ಸಿಟಿ ತಲುಪಲು ಎಷ್ಟು ಬೇಕೋ ಅಷ್ಟು ಹೊತ್ತಿನ ನಂತರ ಫೋನು ಬಡಿಯಿತು.

“ನಾನು,” ಎಂದರು.

“ಹೇಳಿ.” ಮದುವೆಯ ದಿನಗಳುದ್ದಕ್ಕೂ ಅವರನ್ನು ‘ರೀ’ ಎಂದು ಕರೆದವಳು ನಾನು. ಅದು ಹೋದ ಮೇಲೆ ಅವರನ್ನು ಕರೆಯಲು ನನ್ನ ಬಳಿ ಬೇರೆ ಯಾವ ಮಾತೂ ಉಳಿದಿರಲಿಲ್ಲ.

“ಈಗ ಅಲ್ಲಿಗೆ ಬಂದಿದ್ದೆ. ನನ್ನ ಟೂಲ್‌ಬಾಕ್ಸು ತಗೊಂಡ್ಹೋಗೋಣ ಅಂತ. ಗ್ಯಾರೇಜು ತೆಗೀಲಿಲ್ಲ.”

“ಬೆಲ್ಲು ಮಾಡ್ಬಹುದಿತ್ತು.”

“ಸುಮ್ನೆ ನಿನಗ್ಯಾಕೆ ತೊಂದ್ರೆ ಅಂತ. ಬ್ಯಾಟರಿ ಹೋಗಿದ್ಯೋ ಏನೋ. ಹಬ್ಬದ ದಿನ ಸರಿಯಾಗೇ ಇತ್ತಲ್ಲ.”

ಆ ಮಾತು ಬಾಯಿಂದ ಜಾರಿತೆಂದು ಅವರಿಗೆ ಆಗ ಅರಿವಾದಂತಿತ್ತು.

“ಬ್ಯಾಟರಿ ಅಲ್ಲ,” ಎಂದೆ. “ನಾನು ಕೋಡು ಬದಲಾಯಿಸ್ದೆ.”

“ನೀನಾ? ಏಣಿ ಹತ್ತಿ?”

“ಹೂಂ. ಏಣಿ ಹತ್ತಿ.”

“ಒಳ್ಳೇದಾಯ್ತು ಬಿಡು.” ಆಮೇಲೆ ಅವರೇ ಹೇಳಿದರು, “ಅವತ್ತು ಮಳೇಲಿ ಒಳಗೇ ನಿಂತಿದ್ದೆ ನಾನು. ಒಗ್ಗರಣೆ ಸೀದಿದ್ದು ಗೊತ್ತಾಗ್ತಿತ್ತು. ಬಾಗ್ಲಾಚೆ ಯಾರೋ ಇದಾರೆ ಅನ್ನಿಸ್ತು, ಕೈಯಳತೆ ದೂರದಲ್ಲಿ. ನಿಂತಿದ್ಯಾ?”

ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಡಿಸಿದೆ.

“ಭಾನುವಾರ ಕೆಲಸದ ಮೇಲೆ ಡೆಲ್ಟಾಗೆ ಹೋಗ್ತಿದೀನಿ. ಎರಡು ವಾರ ಇರಲ್ಲ. ಟೂಲ್‌ಬಾಕ್ಸು ತಿರುವಿನಲ್ಲಿರೋ ಗಡ್ಡದವರ ಮನೇಲಿ ಕೊಟ್ಟಿರ್ತೀನಿ. ಶನಿವಾರ ಹಗಲು ಹೊತ್ತು ಬಂದು ತಗೊಳ್ಳಿ.”

“ನಾನು ಕೇಳಿದ್ದು ಅದಲ್ಲ.”

“ಗೊತ್ತು,” ಎಂದೆ. ಫೋನು ಇಟ್ಟೆವು.

ಟೂಲ್‌ಬಾಕ್ಸು ಭಾರವಾಗಿತ್ತು. ಗೋಡೆಯ ಬಟನ್ನು ಒತ್ತಿ, ಬಾಗಿಲನ್ನು ಮೇಲೆತ್ತಿ, ಎರಡೂ ಕೈಯಲ್ಲಿ ಹಿಡಿದು, ಅಲ್ಲಲ್ಲಿ ಇಳಿಸಿ ಬೆರಳು ನೀವಿಕೊಂಡು, ವೃದ್ಧನ ಮನೆಯವರೆಗೂ ಹೊತ್ತೆ. ಅವನು ಏನೆಂದು ಕೇಳದೆ ಒಳಗಿಟ್ಟುಕೊಂಡ. ಹಿಂದಿರುಗುವಾಗ ತಿರುವಿನಲ್ಲಿ ನನ್ನ ಮನೆ ಎದುರಾಯಿತು. ಗ್ಯಾರೇಜು ತೆರೆದಿತ್ತು, ಒಳಬಾಗಿಲು ಅರೆ ಮುಚ್ಚಿತ್ತು, ಅದರಾಚೆ ಅಡುಗೆಮನೆಯ ದೀಪ ಉರಿಯುತ್ತಿತ್ತು. ಬಾಗಿಲ ಹಿಂದೆ ಒಬ್ಬಳು ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಾಳೆ ಎಂದು ಹೊರಗಿನಿಂದ ನೋಡಿದ ಯಾರಿಗಾದರೂ ಅನ್ನಿಸುವಂತಿತ್ತು. ಅವಳು ಅಲುಗುತ್ತಾಳೋ ಎಂದು ನಾನು ಬೀದಿಯಲ್ಲಿ ನಿಂತು ನೋಡಿದೆ. ಆಮೇಲೆ ಒಳಗೆ ಹೋಗಿ ಬಾಗಿಲು ಇಳಿಸಿ, ಎರಡನೆಯ ಬೂಟಿಗೆ ಎಣ್ಣೆ ಹಚ್ಚಿದೆ.